ಪಟ್ಟದ ರಾಜನ ಡೆನ್ಮಾರ್ಕಿನ ಹೆಂಡತಿ

ಅಮ್ಮ ಮೈಸೂರಿನಿಂದ ಫೋನು ಮಾಡಿ, "ಈ ಸಲ ದಸರಾಕ್ಕೆ ನಾನೇ ಬರ್ತೀನಿ ಕಣೇ" ಎಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆ ಸಂತೋಷ ಅವಳು ಮುಂದಿನ ಮಾತು ಆಡುವವರೆಗೆ ಉಳಿದಿತ್ತು.

"ನಂಗೂ ಎಪ್ಪತ್ತೆಂಟಾಯ್ತು. ಪಟ್ಟದ ಗೊಂಬೇನ ಮೊಮ್ಮಗಳ ಮದುವೇಲಿ ಕೊಡೋಣ ಅಂತ ಕಾಯ್ತಾ ಕೂತ್ರೆ ಆಗಲ್ಲ. ಈಗಿನ ಹುಡುಗೀರು ಯಾವಾಗ ಮದುವೆ ಆಗ್ತಾರೋ, ಆಗ್ತಾರೋ ಇಲ್ವೋ. ಈ ಸಲ ನನ್ನ ಕೈಯಾರೆ ಅವಳ ಕೈಗೆ ಇಟ್ಟುಬಿಡ್ತೀನಿ. ಕಣ್ಣಲ್ಲಿ ನೋಡ್ಬೇಕು ನಂಗೆ. ರಾಜ ರಾಣಿ ಇಬ್ರನ್ನೂ ಒರೆಸಿಟ್ಟಿರು."

"ಆಯ್ತಮ್ಮ" ಎಂದು ಫೋನು ಇಟ್ಟೆ. ಒರೆಸಿಡಲು ಮನೆಯಲ್ಲಿ ರಾಜನೊಬ್ಬನೇ ಇದ್ದ.

ಪಟ್ಟದ ಗೊಂಬೆಗಳೆಂದರೆ ರಕ್ತಚಂದನದ ಕೆಂಪು ಮರದಲ್ಲಿ ಕೆತ್ತಿದ, ಗೇಣುದ್ದದ ಒಬ್ಬ ರಾಜ, ಒಬ್ಬಳು ರಾಣಿ. ನಮ್ಮ ಮೈಸೂರು ಕಡೆ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಈ ಜೋಡಿಯನ್ನೂ ಜೊತೆಗೆ ಕಳಿಸುತ್ತಾರೆ. ನವರಾತ್ರಿಯ ಮೊದಲ ದಿನ ಮೇಲಿನ ಮೆಟ್ಟಿಲ ಮೇಲೆ ಮೊದಲು ಇವರಿಬ್ಬರು ಕೂರಬೇಕು. ಆಮೇಲೆ ಉಳಿದ ದೇವರು, ಸೈನಿಕರು, ಆನೆ ಕುದುರೆ, ತರಕಾರಿ ಮಾರುವವಳು, ಎಲ್ಲರೂ. ನಮ್ಮ ಜೋಡಿ ಅಮ್ಮನ ಅಜ್ಜಿಯ ಕಾಲದ್ದು. ಅಜ್ಜಿಯಿಂದ ಮಗಳಿಗೆ, ಮಗಳಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದದ್ದು. ಮದುವೆಯಾಗಿ ನಾನು ಮಲೇಷ್ಯಾಕ್ಕೆ ಹೊರಟಾಗ ಅಮ್ಮ ಅಡುಗೆಯ ಬಗ್ಗೆ, ಅತ್ತೆಯ ಬಗ್ಗೆ, ಗಂಡನ ಬಗ್ಗೆ ಒಂದು ಬುದ್ಧಿಮಾತನ್ನೂ ಹೇಳಲಿಲ್ಲ. ಹೇಳಿದ್ದು ಇಷ್ಟೇ: "ದಸರಾ ಮುಗಿದ್ಮೇಲೆ ಇಬ್ರನ್ನೂ ಒಂದೇ ಬಟ್ಟೇಲಿ ಸುತ್ತಿ ಮಲಗ್ಸು. ಬೇರೆ ಬೇರೆ ಮಾಡ್ಬೇಡ."

ಪಿನಾಂಗಿನ ಬಯಾನ್ ಲೆಪಾಸ್‌ನಲ್ಲಿ ಸಂಸಾರ ಮಾಡಿದ ಹದಿನೆಂಟು ವರ್ಷ ನಾನು ಆ ಮಾತು ಮೀರಲಿಲ್ಲ. ಎರಡು ವರ್ಷದ ಹಿಂದೆ ನಮ್ಮೆಜಮಾನರು ಫ್ಯಾಕ್ಟರಿ ಬಿಟ್ಟು ಕ್ಲಾಂಗ್ ಬಂದರಿನ ಹಡಗು ಕೆಲಸಕ್ಕೆ ಸೇರಿದರು. ನಾವು ರಾಜಧಾನಿಯ ಬಾಂಗ್ಸಾರ್‌ಗೆ ಮನೆ ಬದಲಾಯಿಸಿದೆವು. ಸಾಮಾನು ಕಟ್ಟಲು ಬಂದವರು ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕಿನ ದೊಡ್ಡ ಸುರುಳಿ ತಂದಿದ್ದರು. "ಮರದ್ದು ಮರಕ್ಕೆ ತಾಗಿದರೆ ಗೀರು ಬೀಳುತ್ತೆ ಮೇಡಂ, ಒಂದೊಂದನ್ನೇ ಸುತ್ತಿ" ಎಂದರು. ಸುತ್ತಿದೆ. ರಾಜ ಬಾಂಗ್ಸಾರ್‌ಗೆ ಬಂದ. ರಾಣಿ ಬರಲಿಲ್ಲ. ದಾನ ಕೊಟ್ಟ ಪೆಟ್ಟಿಗೆಗಳ ಜೊತೆ ಹೋದಳೋ, ಅಲ್ಲೇ ಬೀರುವಿನ ಮೂಲೆಯಲ್ಲಿ ಉಳಿದಳೋ, ಇವತ್ತಿಗೂ ಗೊತ್ತಿಲ್ಲ. ಹಳೆಯ ಮನೆಗೆ ಎರಡು ಸಲ ಹೋಗಿ ಹುಡುಕಿದೆ. ಹೊಸ ಬಾಡಿಗೆದಾರರು ನನ್ನನ್ನು ಕಂಡರೆ ತಾವೇ ಬೀರು ತೆರೆದು ತೋರಿಸುವಷ್ಟು ಪರಿಚಯವಾದರು. ರಾಣಿ ಮಾತ್ರ ಸಿಗಲಿಲ್ಲ.

ಆಮೇಲಿನ ಎರಡು ದಸರಾಗಳನ್ನು ಹೇಗೋ ದಾಟಿಸಿದೆ. ಅಮ್ಮ ವಿಡಿಯೋ ಕಾಲ್ ಮಾಡಿದಾಗ ಫೋನನ್ನು ರಾಜನ ಮುಖಕ್ಕೆ ಹಿಡಿಯುತ್ತಿದ್ದೆ. "ಪಕ್ಕಕ್ಕೆ ತಿರುಗಿಸೇ" ಎಂದರೆ, "ನೆಟ್ ವೀಕಮ್ಮ" ಎನ್ನುತ್ತಿದ್ದೆ.

ಈ ಗುಟ್ಟು ಮನೆಯ ಹೊರಗೆ ಗೊತ್ತಿದ್ದದ್ದು ಒಬ್ಬರಿಗೇ. ಎರಡು ಮಹಡಿ ಕೆಳಗಿನ ಡೆನ್ಮಾರ್ಕಿನ ಹೆಂಗಸಿಗೆ. ಅವರ ಗಂಡನೂ ಕ್ಲಾಂಗಿನ ಹಡಗಿನವರೇ. ವಯಸ್ಸು ಅರವತ್ತರ ಮೇಲೆ. ನನ್ನ ಮಗಳ ಪಾಲಿಗೆ ಬರೀ 'ಆಂಟಿ'. ಹೋದ ವರ್ಷ ದಸರಾಕ್ಕೆ ಕರೆದಿದ್ದೆ. ಮೂರನೇ ಮಹಡಿಯ ತಮಿಳು ಮಾಮಿಯ ಮನೆಯಲ್ಲೂ ಗೊಂಬೆ ಕೂರಿಸುತ್ತಾರೆ. ಹಾಗಾಗಿ ಆ ಒಂಬತ್ತು ಸಂಜೆ ನಮ್ಮ ಕಟ್ಟಡದ ಲಿಫ್ಟಿನ ತುಂಬ ರೇಷ್ಮೆ ಸೀರೆ, ಮಲ್ಲಿಗೆ, ಉಸಲಿಯ ಒಗ್ಗರಣೆಯ ವಾಸನೆ. ಆಂಟಿ ಕಡಲೆ ಉಸಲಿ ತಿನ್ನುತ್ತ ಮೆಟ್ಟಿಲುಗಳನ್ನೆಲ್ಲ ನೋಡಿ, ಕೊನೆಗೆ ಮೇಲಕ್ಕೆ ನೋಡಿ, "ಈತ ಯಾಕೆ ಒಬ್ಬನೇ? ಹೆಂಡತಿ ಎಲ್ಲಿ?" ಎಂದರು. ಅದರ ತೂಕ ಗೊತ್ತಿಲ್ಲದವರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಸುಲಭ. ಎಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ. "ಪಾಪ" ಎಂದರು. ಯಾರಿಗೆ ಪಾಪ ಎಂದು ನಾನೂ ಕೇಳಲಿಲ್ಲ.

ಈ ವರ್ಷ ಅಮ್ಮ ಬರುವುದಕ್ಕೆ ಒಂದು ವಾರ ಇದೆ ಎನ್ನುವಾಗ ಅವರೇ ಬಂದು ಬೆಲ್ ಒತ್ತಿದರು. ಕೈಯಲ್ಲಿ ಕಾಗದ ಸುತ್ತಿದ ಪೊಟ್ಟಣ. ಬಿಚ್ಚಿದರೆ ಒಂದು ಮರದ ಹೆಣ್ಣು ಗೊಂಬೆ. ನಮ್ಮ ರಾಜನದೇ ಎತ್ತರ. ಬಿಳಿ ಮುಖ, ಗುಲಾಬಿ ಕೆನ್ನೆ, ಗಂಟೆಯ ಹಾಗೆ ಅಗಲವಾದ ಕಪ್ಪು ಲಂಗ. ಕುತ್ತಿಗೆಯ ಸುತ್ತ ಪದರು ಪದರಾಗಿ ನೆರಿಗೆ ಹಿಡಿದ ಬಿಳಿ ಪಟ್ಟಿ, ತಲೆಯನ್ನು ತಟ್ಟೆಯ ಮೇಲಿಟ್ಟು ಬಡಿಸಿದಂತೆ.

"ನನ್ನ ಅಜ್ಜಿಯದು. ನಿಮ್ಮ ರಾಜನಿಗೆ ಇರಲಿ."

"ಯಾರಿವಳು?"

"ನಮ್ಮ ದೇಶದ ಒಬ್ಬ ರಾಜನ ಹೆಂಡತಿ. ಹಳೇ ಕಾಲದವಳು. ದೊಡ್ಡ ಕಥೆ, ಇನ್ನೊಂದು ದಿನ ಹೇಳುತ್ತೇನೆ" ಎಂದರು. ಲಿಫ್ಟು ಬಂತು, ಹೋದರು.

ಕಥೆ ಕೇಳುವ ವ್ಯವಧಾನ ನನಗೂ ಇರಲಿಲ್ಲ. ರಾಜನ ಹೆಂಡತಿ ಎಂದಮೇಲೆ ರಾಣಿ. ಬೇರೆ ಏನಿರುತ್ತದೆ? ನನಗೆ ಬೇಕಾಗಿದ್ದದ್ದೂ ಒಬ್ಬಳು ರಾಣಿಯೇ. ಅವತ್ತೇ ಸಂಜೆ ಹಳೆಯ ರೇಷ್ಮೆ ಕುಪ್ಪಸದ ಅಂಚು ಕತ್ತರಿಸಿ ಅವಳಿಗೆ ಸೀರೆ ಉಡಿಸಲು ಕುಳಿತೆ. ಹದಿಮೂರು ವರ್ಷದ ಮಗಳು ಸೂಜಿಗೆ ದಾರ ಪೋಣಿಸಿ ಕೊಡುತ್ತಲೇ, "ಅಮ್ಮಾ, ದಿಸ್ ಈಸ್ ಫ್ರಾಡ್ ಲಾ" ಎಂದು ಈ ಊರಿನವರ 'ಲಾ' ಸೇರಿಸಿ ಹೇಳಿದಳು.

"ಫ್ರಾಡ್ ಅಲ್ಲ ಕಣೇ, ಅಲಂಕಾರ."

ಅಲಂಕಾರ ಸುಲಭವಾಗಿರಲಿಲ್ಲ. ಲಂಗದ ಅಗಲಕ್ಕೆ ಸೀರೆ ಸುತ್ತಿದರೆ ರಾಣಿ ತಮಟೆಯ ಮೇಲೆ ಕೂತಂತೆ ಕಾಣುತ್ತಿದ್ದಳು. ಕುತ್ತಿಗೆಯ ನೆರಿಗೆಪಟ್ಟಿ ಅದೇ ಮರದಲ್ಲಿ ಕೆತ್ತಿದ್ದು, ತೆಗೆಯುವ ಹಾಗಿಲ್ಲ. ಅದರ ಮೇಲೆ ಮುತ್ತಿನ ಸರ ಸುತ್ತಿದೆವು. ಒಂದು ಸಾಲದು ಎಂದು ಏಳು ಸುತ್ತು. ಕೊನೆಗೆ ಚಾಕ್ಲೇಟಿನ ಬಂಗಾರ ಬಣ್ಣದ ಕಾಗದದಲ್ಲಿ ಕಿರೀಟ ಮಾಡಿ ತಲೆಗೆ ಅಂಟಿಸಿದೆವು. ನಮ್ಮೆಜಮಾನರು ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ರೊಟ್ಟಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದವರು, ಚೀಲವನ್ನು ಕೈಯಲ್ಲೇ ಹಿಡಿದು ಒಂದು ನಿಮಿಷ ನಿಂತು ನೋಡಿದರು. "ಚೆನ್ನಾಗಿದಾಳೆ. ಅತ್ತೆ ಕೇಳಿದ್ರೆ ನಾನು ಇದೆಲ್ಲ ಆದಾಗ ಕ್ಲಾಂಗ್‌ನಲ್ಲಿದ್ದೆ" ಎಂದು ಒಳಗೆ ಹೋದರು.

ಅಮ್ಮ ಎರಡು ಸೂಟ್‌ಕೇಸಿನ ಜೊತೆ ಇಳಿದಳು. ಒಂದನ್ನು ಬಂದ ಕೂಡಲೇ ತೆರೆದು ಚಟ್ನಿಪುಡಿ, ಹುರಿಗಾಳು, ಸಂಡಿಗೆ ಹರಡಿದಳು. ಇನ್ನೊಂದನ್ನು ಮಂಚದ ಕೆಳಗೆ ತಳ್ಳಿ, "ಅದಕ್ಕೆ ಯಾರೂ ಕೈ ಹಾಕ್ಬೇಡಿ, ನನ್ನ ಸೀರೆ ಇವೆ" ಎಂದಳು. ಅಮ್ಮನ ಸೀರೆಗೆ ಕೈ ಹಾಕುವಷ್ಟು ಧೈರ್ಯ ನನಗೆ ಆ ವಾರ ಇರಲೂ ಇಲ್ಲ.

ಮೊದಲ ದಿನ ಮನೆಯ ಹಿರಿಯಳು ಪಟ್ಟದ ಗೊಂಬೆ ಕೂರಿಸಬೇಕು. ಅಮ್ಮ ರಾಜನನ್ನು ಎತ್ತಿದಳು, ಸೆರಗಿನಲ್ಲಿ ಒರೆಸಿದಳು, ಮೇಲೆ ಕೂರಿಸಿದಳು. ಆಮೇಲೆ ರಾಣಿಯನ್ನು ಎತ್ತಿದಳು. ಎತ್ತಿ ಹಿಡಿದು ಹಾಗೇ ನಿಂತಳು. ಅಂಗೈ ಮೇಲೆ ಒಮ್ಮೆ ಮೇಲೆ ಕೆಳಗೆ ಆಡಿಸಿದಳು, ತೆಂಗಿನಕಾಯಿ ಕೊಳ್ಳುವವರ ಹಾಗೆ.

"ತೂಕ ಬಂದಿದೆ."

"ಇಲ್ಲಿ ಊಟ ಚೆನ್ನಾಗಿದೆಯಮ್ಮ" ಎಂದೆ. ಬಾಯಿ ತಾನಾಗಿ ಆಡಿದ ಮಾತು.

"ಬಿಳಚಿಕೊಂಡಿದಾಳೆ."

"ಎಸಿ. ಬಿಸಿಲೇ ಬೀಳಲ್ಲ ಈ ಮನೇಲಿ."

"ಕತ್ತು?"

"ಆಭರಣ ಅಮ್ಮ."

"ಹೂಂ" ಎಂದಳು ಅಮ್ಮ. ಅವಳನ್ನು ರಾಜನ ಪಕ್ಕ ಕೂರಿಸಿದಳು. ಅವಳ 'ಹೂಂ' ನನಗೆ ಗೊತ್ತು. ಚಿಕ್ಕಂದಿನಲ್ಲಿ ನಾನು ಹಪ್ಪಳದ ಡಬ್ಬಿ ಖಾಲಿ ಮಾಡಿ ಬೆಕ್ಕಿನ ಮೇಲೆ ಹಾಕಿದಾಗಲೂ ಇದೇ 'ಹೂಂ' ಬಂದಿತ್ತು. ಆದರೆ ಅಮ್ಮ ಮುಂದೆ ಏನೂ ಕೇಳಲಿಲ್ಲ. "ಮೂರನೇ ದಿನ ಶುಕ್ರವಾರ, ನಾಲ್ಕು ಜನ ಬಂದಿರ್ತಾರೆ. ಅವರೆದುರಿಗೇ ಪುಟ್ಟಿ ಕೈಗೆ ಕೊಡ್ತೀನಿ" ಎಂದು ಆರತಿ ತಟ್ಟೆ ತೊಳೆಯಲು ಹೋದಳು.

ಆ ಎರಡು ದಿನ ನಾನು ಅಮ್ಮನೊಬ್ಬಳೇ ಸಿಗುವ ಹೊತ್ತಿಗಾಗಿ ಕಾದೆ. ಸಿಕ್ಕಾಗಲೆಲ್ಲ ಬೇರೇನೋ ಮಾತಾಡಿದೆ. ಮಗಳ ಕೈಗೆ ಅಜ್ಜಿ ಕೊಡುವುದು ನಾಲ್ಕು ತಲೆಮಾರಿನ ಜೋಡಿ ಎಂದುಕೊಂಡು. ನಿಜಕ್ಕೂ ಕೊಡುವುದು ನನ್ನ ಸುಳ್ಳು. ಅದನ್ನು ಮಗಳು ಗೊತ್ತಿದ್ದೂ ತೆಗೆದುಕೊಳ್ಳಬೇಕು. ಹೇಳಬೇಕು, ಹೇಳಬೇಕು ಎಂದು ಅಡುಗೆಮನೆಗೆ ಹೋಗುವುದು, ಕರಿಬೇವು ಎಲ್ಲಿದೆ ಎಂದು ಕೇಳಿ ವಾಪಸ್ಸು ಬರುವುದು. ನನ್ನದೇ ಅಡುಗೆಮನೆ. ಕರಿಬೇವು ಎಲ್ಲಿದೆ ಎಂದು ಅಮ್ಮನನ್ನು ಕೇಳುತ್ತಿದ್ದೆ.

ಶುಕ್ರವಾರ ಸಂಜೆ ಮೂರನೇ ಮಹಡಿಯ ಮಾಮಿ ಬಂದರು. ಡೆನ್ಮಾರ್ಕಿನ ಆಂಟಿಯೂ ಬಂದರು, ಮಾಮಿಯಿಂದ ಎರವಲು ತಂದ ಜರತಾರಿ ಶಾಲು ಹೊದ್ದು, ಕೈಯಲ್ಲಿ ಹೂವು ಹಿಡಿದು. ಚಪ್ಪಲಿ ಬಿಟ್ಟು ತಲೆ ಎತ್ತಿದವರು ಮೇಲಿನ ಮೆಟ್ಟಿಲು ನೋಡಿ ಬಾಯಿಗೆ ಕೈ ಇಟ್ಟರು. ಆಮೇಲೆ ನಗಲು ಶುರು ಮಾಡಿದರು. ನಕ್ಕು ನಕ್ಕು ಸೋಫಾದ ಮೇಲೆ ಕೂತರು.

"ಏನು ಮಾಡಿದ್ದೀರಿ ಇವಳಿಗೆ! ಪಾಪ, ಬದುಕಿದ್ದಷ್ಟು ದಿನ ಇವಳಿಗೆ ಸಿಗದೇ ಹೋದದ್ದು ಕಿರೀಟ ಒಂದೇ. ನೀವು ಚಾಕ್ಲೇಟ್ ಕಾಗದದಲ್ಲಿ ಕೊಟ್ಟಿದ್ದೀರಿ!"

ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಅಮ್ಮನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. "ಏನಂತೆ?" ಎಂದಳು. ನಾನು ಗೋಡೆ ನೋಡಿದೆ. ನಮ್ಮೆಜಮಾನರು ಇಲ್ಲದ ಫೋನು ಬಂತೆಂದು ಬಾಲ್ಕನಿಗೆ ಹೋದರು.

"ನೀ ಹೇಳು ಪುಟ್ಟಿ."

ಮಗಳು ಕನ್ನಡ ಪೂರ್ತಿ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಅಜ್ಜಿಯ ಹತ್ತಿರ ಅದು ನಡೆಯುವುದಿಲ್ಲ. ನನ್ನ ಮುಖ ಒಮ್ಮೆ, ಅಜ್ಜಿಯ ಮುಖ ಒಮ್ಮೆ ನೋಡಿ, ಒಂದೇ ಉಸಿರಿಗೆ ಎರಡು ಬಾಂಬು ಹಾಕಿದಳು. "ಅಜ್ಜಿ, ಅದು ನಮ್ಮ ರಾಣಿ ಅಲ್ಲ, ಆಂಟೀದು. ಮತ್ತೆ, ಶೀ ಈಸ್ ನಾಟ್ ಈವನ್ ಎ ಕ್ವೀನ್ ಲಾ."

ಅಮ್ಮ ನನ್ನ ಕಡೆ ತಿರುಗಲೇ ಇಲ್ಲ.

"ರಾಣಿ ಅಲ್ದೆ ಇನ್ನೇನು?"

"ರಾಜನ ಹೆಂಡತಿ."

"ರಾಜನ ಹೆಂಡ್ತಿ ರಾಣಿ ಅಲ್ದೆ ಅಡುಗೆಯವಳಾ? ಕೇಳು ಅವರನ್ನ. ಕಥೆ ಪೂರ್ತಿ ಹೇಳ್ಲಿ. ನೀನು ಕನ್ನಡದಲ್ಲಿ ಹೇಳ್ತಾ ಹೋಗು." ಹಾಗೆಂದು ಸೋಫಾದ ಮೇಲೆ ಕಾಲು ಮಡಿಚಿ ಕೂತಳು. ಆಗ ಮಾತ್ರ ನನಗೊಂದು ಮಾತು ಬಂತು, ಮುಖ ನೋಡದೆ: "ನೀನು ಎಲ್ಲರಿಗೂ ಉಸಲಿ ಕೊಡು."

ನಾನು ಉಸಲಿ ಕೊಟ್ಟೆ. ಕೊಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ, ನನ್ನ ಸರದಿ ಬರುವುದನ್ನೇ ಕಾಯುತ್ತ, ಆ ಹೆಂಗಸಿನ ಕಥೆಯನ್ನು ಮಗಳ ಕನ್ನಡದಲ್ಲಿ ಕೇಳಿದೆ.

ಅವಳು ಡೆನ್ಮಾರ್ಕಿನ ದೊಡ್ಡ ಮನೆತನದ ಹುಡುಗಿ. ರಾಜಮನೆತನವಲ್ಲ, ಜಹಗೀರುದಾರರ ಮನೆ. ಅಲ್ಲಿಯ ರಾಜನಿಗೆ ಪಟ್ಟದ ರಾಣಿ ತೀರಿಹೋಗಿದ್ದಳು. ಈ ಹುಡುಗಿಯ ಮೇಲೆ ಮನಸ್ಸಾಯಿತು. ಹುಡುಗಿಯ ತಾಯಿ ಊರಿಗೇ ಗಟ್ಟಿಗಿತ್ತಿ, ಲೆಕ್ಕವಿಲ್ಲದಷ್ಟು ಜಮೀನಿನ ಒಡತಿ. ಮದುವೆಯಾಗದೆ ಮಗಳನ್ನು ಕೊಡುವುದಿಲ್ಲ ಎಂದು ರಾಜನಿಗೇ ಹೇಳಿದಳು.

"ಭೇಷ್" ಎಂದಳು ಅಮ್ಮ. "ರಾಜಂಗೆ ಎಷ್ಟು ವಯಸ್ಸು?"

ಮಗಳು ಕೇಳಿ ಹೇಳಿದಳು. "ಮದರ್ ಇನ್ ಲಾಗಿಂತ ಸ್ವಲ್ಪ ಚಿಕ್ಕೋನು ಅಷ್ಟೇ ಅಂತೆ. ಹುಡುಗಿ ಟೀನೇಜರ್."

"ಥೂ ಅವನ. ಆಮೇಲೆ?"

ಆಮೇಲೆ ಮದುವೆಯಾಯಿತು. ಆದರೆ ಹುಡುಗಿ ರಾಜವಂಶದವಳಲ್ಲವಲ್ಲ. ಅದಕ್ಕೆ ಅಲ್ಲಿ ಬೇರೆಯ ಬಗೆಯ ಮದುವೆ. ಹೆಂಡತಿ ಹೌದು, ರಾಣಿ ಅಲ್ಲ. ಕಿರೀಟವಿಲ್ಲ, ಮಕ್ಕಳಿಗೆ ಸಿಂಹಾಸನವಿಲ್ಲ. ಆಂಟಿ ಎರಡೂ ಕೈ ಎತ್ತಿ ತೋರಿಸಿದರು: ಸರಿಯಾದ ಮದುವೆಗೆ ಬಲಗೈ, ಇಂಥ ಮದುವೆಗೆ ಎಡಗೈ. ಎಡಗೈಯ ಹೆಂಡತಿ ಎಂದು ಕರೆಯುವ ರೂಢಿ.

ಮಗಳು ಅದನ್ನು ಕನ್ನಡದಲ್ಲಿ ಹೇಳಿದಳು. "ಅಜ್ಜಿ, ರೈಟ್ ಸೈಡ್ ಅಂದ್ರೆ ರಿಯಲ್ ರಾಣಿ. ಇವಳು ಲೆಫ್ಟ್ ಸೈಡ್. ಅಂದ್ರೆ ಅರ್ಧ ಹೆಂಡತಿ ಥರ."

ಅಮ್ಮ ಮಾಮಿಯ ಮುಖ ನೋಡಿದಳು. ಮಾಮಿ ಅಮ್ಮನ ಮುಖ ನೋಡಿದರು. ಇಬ್ಬರೂ ಒಟ್ಟಿಗೆ ನಕ್ಕರು.

"ಎಡಗಡೆ ತಾನೇ ಹೆಂಡ್ತಿ ಜಾಗ!" ಎಂದಳು ಅಮ್ಮ. "ಹಸೆಮಣೆ ಮೇಲೆ ಧಾರೆ ಆದ್ಮೇಲೆ ಎಲ್ಲಿ ಕೂರಿಸ್ತಾರೆ? ಎಡಗಡೆ. ಪೂಜೆಗೆ ಎಲ್ಲಿ ಕೂರ್ತಾಳೆ? ಎಡಗಡೆ. ಲಕ್ಷ್ಮಿ ಎಲ್ಲಿದಾಳೆ, ಸೀತೆ ಎಲ್ಲಿದಾಳೆ? ಅಲ್ನೋಡು, ಮೊನ್ನೆ ನಾನು ಇವಳನ್ನ ಎಲ್ಲಿ ಕೂರಿಸ್ದೆ?"

ಎಲ್ಲರೂ ಮೇಲೆ ನೋಡಿದೆವು. ಡೆನ್ಮಾರ್ಕಿನ ಹೆಂಗಸು ಮೈಸೂರು ರಾಜನ ಎಡಗಡೆ, ನಮ್ಮ ಲೆಕ್ಕದಲ್ಲಿ ಎಲ್ಲಿ ಇರಬೇಕೋ ಅಲ್ಲೇ, ಏಳು ಸುತ್ತಿನ ಮುತ್ತಿನ ಸರ ಹಾಕಿಕೊಂಡು ಕೂತಿದ್ದಳು.

"ಅವರಿಗೆ ಹೇಳು ಪುಟ್ಟಿ, ನಮ್ಮಲ್ಲಿ ಇವಳು ಪೂರ್ತಿ ಹೆಂಡ್ತಿ ಅಂತ."

ಮಗಳು ಹೇಳಿದಳು. ಆಂಟಿಯ ನಗು ಈಗ ಬೇರೆ ಥರ ಇತ್ತು. "ಅವಳು ಹುಟ್ಟಿದ ದೇಶ ತಪ್ಪಾಯಿತು ಹಾಗಾದರೆ" ಎಂದರು.

ಮಕ್ಕಳೆಷ್ಟು ಎಂಬುದು ಅಮ್ಮನ ಮುಂದಿನ ಪ್ರಶ್ನೆ. ಹನ್ನೆರಡು ಎಂದಾಗ ಅಮ್ಮನೂ ಮಾಮಿಯೂ ಒಟ್ಟಿಗೆ ಕೆನ್ನೆಗೆ ಕೈ ಇಟ್ಟರು. ಕೆಲವು ಎಳವೆಯಲ್ಲೇ ಹೋದವು. ಉಳಿದವುಗಳಲ್ಲಿ ಎಷ್ಟನ್ನೋ ಬೆಳೆಸಿದವಳು ಅದೇ ಗಟ್ಟಿಗಿತ್ತಿ ಅಜ್ಜಿ. "ಬೆಳೆಸ್ದೆ ಏನು ಮಾಡ್ತಾಳೆ, ಅಜ್ಜೀರ ಕೆಲಸವೇ ಅದು" ಎಂದು ಅಮ್ಮ ಮೊಮ್ಮಗಳ ಬೆನ್ನು ಸವರಿದಳು. ಆಮೇಲೆ ಗಂಡ ಹೆಂಡಿರಿಗೆ ಕೆಟ್ಟಿತು. ಅವಳು ಕೋಣೆಯ ಬಾಗಿಲು ಹಾಕಿಕೊಂಡಳು, ರಾಜ ಹೊರಗೆ ನಿಂತ. ಯಾರೋ ಸೈನ್ಯದವನ ಮೇಲೆ ಅವಳಿಗೆ ಮನಸ್ಸಿದೆ ಎಂದು ರಾಜನಿಗೆ ಅನುಮಾನ. ಇತ್ತೋ ಇಲ್ಲವೋ ತನಗೆ ಗೊತ್ತಿಲ್ಲ, ತನ್ನ ಅಜ್ಜಿ ಮಾತ್ರ 'ಇದ್ದಿದ್ದರೆ ಒಳ್ಳೆಯದೇ' ಎನ್ನುತ್ತಿದ್ದಳು ಎಂದರು ಆಂಟಿ. ರಾಜ ಅವಳನ್ನು ದೂರದ ಚಳಿ ಸೀಮೆಯ ಬಂಗಲೆಗೆ ಕಳಿಸಿಬಿಟ್ಟ. ಹನ್ನೆರಡನೆಯ ಮಗು ಹೆಣ್ಣು. ಅದು ತನ್ನದೇ ಅಲ್ಲ ಎಂದುಬಿಟ್ಟ.

"ಏನಂದ?" ಎಂದಳು ಅಮ್ಮ.

"ನಂದಲ್ಲ ಅಂದ, ಅಜ್ಜಿ."

ಅಮ್ಮ ಮೇಲಿನ ಮೆಟ್ಟಿಲಿನ ನಮ್ಮ ರಾಜನನ್ನೇ ದಿಟ್ಟಿಸಿ ನೋಡುತ್ತಿದ್ದಳು, ತಪ್ಪು ಅವನದೇ ಎನ್ನುವ ಹಾಗೆ.

ಅವತ್ತು ಗೊಂಬೆ ಕೈಗಿಡುವ ಮಾತು ಬರಲಿಲ್ಲ. ಎಲ್ಲರೂ ಹೋದಮೇಲೆ ನಾನು ತಟ್ಟೆಗಳನ್ನು ಒಳಗಿಟ್ಟು ಬಂದು ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತೆ. ಪಿನಾಂಗಿನ ಪ್ಲಾಸ್ಟಿಕ್ ಸುರುಳಿಯಿಂದ ಶುರು ಮಾಡಿ ಎಲ್ಲ ಹೇಳಿದೆ. ಅಮ್ಮ ಪೂರ್ತಿ ಕೇಳಿದಳು.

"ಎರಡು ವರ್ಷದಿಂದ ಫೋನಲ್ಲಿ ಬರೀ ರಾಜನ್ನೇ ತೋರಿಸ್ತಿದೀಯ. ನಂಗೆ ಕಣ್ಣಿಲ್ವಾ?"

"ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ?"

"ನೀನಾಗಿ ಹೇಳ್ತೀಯ ಅಂತ. ನಲವತ್ತೇಳು ವರ್ಷದವಳು, ಗೊಂಬೆ ಕಳೆದ್ರೆ ಅಮ್ಮ ಹೊಡೀತಾಳೆ ಅಂತ ಹೆದರ್ಕೊಂಡು ಕೂತ್ರೆ ನಾನೇನು ಮಾಡ್ಲಿ?"

"ಹೊಡೀತಿರ್ಲಿಲ್ವಾ ಹಾಗಾದ್ರೆ?"

"ಹೊಡೀತಿದ್ದೆ. ಅದು ಬೇರೆ ವಿಷಯ. ಆ ಸೂಟ್‌ಕೇಸ್ ಎಳಿ."

ಎಳೆದೆ. ಮೇಲೆ ಎರಡೇ ಸೀರೆ. ಕೆಳಗೆ ಹಳೆಯ ಪಂಚೆಯಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಹೊಸ ರಕ್ತಚಂದನದ ರಾಣಿ, ಕಣ್ಣಿಗೆ ಕಪ್ಪು, ತುಟಿಗೆ ಕೆಂಪು, ಮರದ ವಾಸನೆ ಇನ್ನೂ ಆರಿರಲಿಲ್ಲ. ಅವಳ ಪಕ್ಕದಲ್ಲಿ ಹೊಸ ರಾಜ.

"ಇವನ್ಯಾಕೆ?"

"ಅಂಗಡಿಯವನು ಒಂಟಿ ರಾಣೀನ ಕೊಡಲ್ಲ ಅಂದ. ನಮ್ಮ ಮನೇಲಿ ರಾಜ ಇದಾನಪ್ಪಾ ಅಂದೆ. 'ನಿಮ್ಮಲ್ಲಿ ಇರಬಹುದು ಅಮ್ಮಾವ್ರೇ, ಇವಳು ಹೋದ್ರೆ ಇಲ್ಲಿ ನನ್ನ ರಾಜ ಒಬ್ಬನೇ ಉಳೀತಾನಲ್ಲ, ಅವನ್ನ ಯಾರು ತಗೋತಾರೆ' ಅಂದ. ಅದೂ ನಿಜ ಅನ್ನಿಸ್ತು. ಇಬ್ರನ್ನೂ ಕರ್ಕೊಂಡು ಬಂದೆ. ಬಂದು ನೋಡಿದ್ರೆ ಇಲ್ಲಿ ನಿನ್ನ ರಾಜ ಆಗ್ಲೇ ಇನ್ನೊಂದು ಮದುವೆ ಮಾಡ್ಕೊಂಡು ಕೂತಿದಾನೆ! ಯಾರಿವಳು, ಯಾವ ಮನೆಯವಳು, ಕತ್ತಿಗೆ ಯಾಕೆ ಚಿರೋಟಿ ಕಟ್ಕೊಂಡಿದಾಳೆ, ಒಂದೂ ಗೊತ್ತಿಲ್ಲ. ಸಮಾಚಾರ ತಿಳೀಲಿ ಅಂತ ಸುಮ್ನಿದ್ದೆ."

ನಾನು ನಕ್ಕೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅಮ್ಮ ನನ್ನ ತಲೆಗೆ ಒಂದು ಮೊಟಕಿದಳು. ಎರಡು ವರ್ಷದಿಂದ ಬಾಕಿ ಇದ್ದದ್ದು ಅದು. ಜೋರಾಗೇ ಇತ್ತು.

ಮಾರನೆಯ ದಿನ ಬೆಳಿಗ್ಗೆ ಅಮ್ಮನೇ ಡೆನ್ಮಾರ್ಕಿನ ಹೆಂಗಸಿನ ಸೀರೆ ಬಿಚ್ಚಿದಳು, ಮುತ್ತು ಬಿಚ್ಚಿದಳು. "ಅವಳು ಅವಳ ಬಟ್ಟೇಲೇ ಕೂರ್ಲಿ. ಯಾರಿಗೂ ಹೆದರಿ ವೇಷ ಹಾಕ್ಬೇಕಾಗಿಲ್ಲ." ಚಾಕ್ಲೇಟಿನ ಕಿರೀಟ ಕೀಳಲು ನಾನು ಕೈ ಚಾಚಿದೆ. ಅಮ್ಮ ನನ್ನ ಕೈ ತಳ್ಳಿದಳು. "ಅದಿರ್ಲಿ."

ಹೊಸ ಜೋಡಿಯನ್ನು ಎರಡನೆಯ ಮೆಟ್ಟಿಲಿಗೆ ಕೂರಿಸಿ ಅಮ್ಮ ಹಿಂದೆ ಸರಿದು ನೋಡುವಷ್ಟರಲ್ಲಿ, ಮಗಳು ಬಾಲ್ಕನಿಯಿಂದ ಬಟ್ಟೆ ಒಣಗಿಸುವ ಮರದ ಕ್ಲಿಪ್ಪುಗಳನ್ನು ತಂದು ನೆಲದ ಮೇಲೆ ಹರಡಿದ್ದಳು. ಹನ್ನೆರಡು. ಒಂದೊಂದಕ್ಕೂ ಪೆನ್ನಿನಲ್ಲಿ ಕಣ್ಣು, ಬಾಯಿ. ಒಂದೊಂದರ ಕುತ್ತಿಗೆಗೂ ಟಿಶ್ಯೂ ಕಾಗದದ ಚಿರೋಟಿ. ರಟ್ಟಿನ ಅಂಚಿಗೆ ಸಾಲಾಗಿ ಸಿಕ್ಕಿಸಿದರೆ ಸ್ಕೂಲು ಫೋಟೋಗೆ ನಿಂತ ಮಕ್ಕಳ ಹಾಗೆ ಕಂಡವು. ಹನ್ನೊಂದು ಮೇಲೆ ತಾಯಿಯ ಮುಂದೆ ನಿಂತವು. ಒಂದನ್ನು ಮಾತ್ರ ಅವಳು ಕೆಳಗಿನ ಮೆಟ್ಟಿಲಿನಲ್ಲಿ, ತರಕಾರಿ ಮಾರುವವಳ ಪಕ್ಕ ಇಟ್ಟಳು.

"ಇದ್ಯಾಕೆ ಇಲ್ಲಿ?" ಎಂದಳು ಅಮ್ಮ.

"ಅದು ಲಾಸ್ಟ್ ಬೇಬಿ, ಅಜ್ಜಿ. ಅಪ್ಪ ಬೇಡ ಅಂದನಲ್ಲ. ಅದಕ್ಕೇ ದೂರ."

ಅಮ್ಮ ಬಗ್ಗಿ ಆ ಕ್ಲಿಪ್ಪನ್ನು ಎತ್ತಿಕೊಂಡಳು. ಮುಖದ ಮೇಲೆ ಬಿದ್ದಿದ್ದ ಟಿಶ್ಯೂ ಸರಿ ಮಾಡಿದಳು. ಸ್ಟೂಲು ಹತ್ತಿದಳು, ನಾನು 'ಅಮ್ಮಾ ಬೀಳ್ತೀಯ' ಎನ್ನುತ್ತಿದ್ದರೂ. ಮರದ ರಾಜನ ಹೆಗಲಿಗೆ ಹೊದಿಸಿದ್ದ ರೇಷ್ಮೆಯ ಶಲ್ಯಕ್ಕೆ, ಸರಿಯಾಗಿ ಅವನ ಎದೆಯ ಮೇಲೆ, ಆ ಮಗುವನ್ನು ಗಟ್ಟಿಯಾಗಿ ಕಚ್ಚಿಸಿದಳು.

"ಈಗ ಹೇಳ್ಲಿ ನೋಡೋಣ, ನಂದಲ್ಲ ಅಂತ."

ಉಳಿದ ಆರು ದಿನವೂ ನಮ್ಮ ಮನೆಗೆ ಬಂದವರೆಲ್ಲ ಮೊದಲು ಕೇಳಿದ್ದು ಅದನ್ನೇ. ರಾಜ ಎದೆಗೆ ಬಟ್ಟೆ ಕ್ಲಿಪ್ಪು ಹಾಕಿಕೊಂಡಿದ್ದಾನಲ್ಲ, ಯಾಕೆ? ಉತ್ತರ ಹೇಳುವ ಕೆಲಸ ಮಗಳದು. ಮಕ್ಕಳು ಬಂದರೆ ಇಂಗ್ಲಿಷಿನಲ್ಲಿ, ಬೆಂಗಳೂರಿನ ಕಡೆಯವರು ಬಂದರೆ ಕನ್ನಡದಲ್ಲಿ, ಮಾಮಿಯ ನೆಂಟರು ಬಂದರೆ ತಮಿಳೂ ಸೇರಿಸಿ ಮೂರೂ ಕಲಸಿ. ದಿನಕ್ಕೊಂದು ಸಲ ಆಂಟಿಯ ಮನೆಗೆ ಇಳಿದು ಹೋಗಿ ಹೊಸ ಸಂಗತಿ ಕೇಳಿಕೊಂಡು ಬರುತ್ತಿದ್ದಳು. ಹೆಣ್ಣುಮಕ್ಕಳಲ್ಲೊಬ್ಬಳು ಇಪ್ಪತ್ತಕ್ಕೂ ಹೆಚ್ಚು ವರ್ಷ ಗೋಪುರದ ಸೆರೆಯಲ್ಲಿದ್ದಳು ಎಂದು ತಿಳಿದ ದಿನ, ಒಂದು ಕ್ಲಿಪ್ಪು ಹೋಗಿ ಸಂಡಿಗೆ ಡಬ್ಬಿಯ ಮೇಲೆ ನಿಂತಿತು. ಮರುದಿನ ಅವಳು ಜೀವಂತ ಹೊರಗೆ ಬಂದಳು ಎಂದು ತಿಳಿದ ಮೇಲೆ ಕೆಳಗಿಳಿಯಿತು. ಅಮ್ಮ ಆ ಒಂದು ರಾತ್ರಿ ಡಬ್ಬಿ ತೆರೆಯಲು ಬಿಡಲಿಲ್ಲ. ಸಂಡಿಗೆ ಇಲ್ಲದೆ ಊಟ ಮಾಡಿದೆವು.

ವಿಜಯದಶಮಿಯ ಬೆಳಿಗ್ಗೆ ಅಮ್ಮ ಮೊಮ್ಮಗಳನ್ನು ಮಣೆಯ ಮೇಲೆ ಕೂರಿಸಿದಳು. ಹೊಸ ಜೋಡಿಯನ್ನು ತಟ್ಟೆಯಲ್ಲಿಟ್ಟು ಅರಿಸಿನ ಕುಂಕುಮ ಹಚ್ಚಿದಳು. "ಇವು ಇನ್ಮೇಲೆ ನಿಂದು ಪುಟ್ಟಿ."

ಮಗಳು ತಟ್ಟೆ ನೋಡಿದಳು. ಮೇಲಿನ ಮೆಟ್ಟಿಲು ನೋಡಿದಳು. "ಅಜ್ಜಿ, ನಂಗೆ ಅವರು ಬೇಕು."

"ಯಾರು?"

"ಓಲ್ಡ್ ರಾಜ, ಅವನ ಲೆಫ್ಟ್ ಸೈಡ್ ಹೆಂಡತಿ, ಮತ್ತೆ ಟ್ವೆಲ್ವ್ ಮಕ್ಕಳು."

ನಾನು ಅಮ್ಮನ ಮುಖ ನೋಡಿದೆ. ಅವಳ ಅಜ್ಜಿಯ ಕಾಲದ ರಾಜ. ಪಕ್ಕದಲ್ಲಿ ಯಾವುದೋ ಸೀಮೆಯ, ಚಾಕ್ಲೇಟು ಕಿರೀಟದ ಹೆಂಗಸು. ಅಮ್ಮ ಲೆಕ್ಕ ಹಾಕುತ್ತಿದ್ದಾಳೆ ಎನಿಸಿತು. ಆಮೇಲೆ ಹೇಳಿದಳು: "ಕೆಳಗೆ ಹೋಗಿ ಆಂಟೀನ ಕೇಳ್ಕೊಂಡು ಬಾ. ಹೆಣ್ಣು ಅವರ ಮನೇದು."

ಮಗಳು ಬರಿಗಾಲಲ್ಲೇ ಲಿಫ್ಟಿಗೆ ಓಡಿದಳು. ವಾಪಸ್ಸು ಬರುವಾಗ ಆಂಟಿಯೂ ಜೊತೆಗಿದ್ದರು. "ನನ್ನ ಪೆಟ್ಟಿಗೆಯಲ್ಲಿ ಮೂವತ್ತು ವರ್ಷ ಒಬ್ಬಳೇ ಮಲಗಿದ್ದಳು. ಇಲ್ಲಿ ಸಂಸಾರವಿದೆ, ಇರಲಿ" ಎಂದರು. ಹೆಣ್ಣಿನ ಕಡೆಯವರು ಬರಿಗೈಯಲ್ಲಿ ಹೋಗಬಾರದೆಂದು ಅಮ್ಮ ಅವರಿಗೆ ಒಂದು ಡಬ್ಬಿ ತುಂಬ ಚಟ್ನಿಪುಡಿ, ತಾಂಬೂಲ ಕೊಟ್ಟು ಕುಂಕುಮವಿಟ್ಟಳು. ಆಮೇಲೆ ಹಳೆಯ ರಾಜನನ್ನು, ಎದೆಗೆ ಮಗು ಕಚ್ಚಿಕೊಂಡಿದ್ದ ಹಾಗೇ ಎತ್ತಿ ಮೊಮ್ಮಗಳ ಕೈಗಿಟ್ಟಳು. ಅವನ ಎಡಗಡೆಗೆ ಡೆನ್ಮಾರ್ಕಿನವಳನ್ನಿಟ್ಟಳು. ಅಮ್ಮನ ಮುಖ ಬೀಗರ ಔತಣ ಚೆನ್ನಾಗಿ ಮುಗಿಸಿದವರ ಮುಖದಂತಿತ್ತು.

"ಇನ್ನು ಇವು?" ಎಂದು ನಾನು ತಟ್ಟೆಯಲ್ಲಿ ಉಳಿದ ಹೊಸ ಜೋಡಿ ತೋರಿಸಿದೆ.

"ನಿಂಗೆ. ಮೊದಲ್ನಿಂದ ಕಲಿ."

ಹೀಗೆ ನಲವತ್ತೇಳನೆಯ ವಯಸ್ಸಿನಲ್ಲಿ ನನಗೆ ಎರಡನೆಯ ಸಲ ಪಟ್ಟದ ಗೊಂಬೆ ಬಂದವು, ಕೊಡುವವಳು ಅದೇ ಅಮ್ಮ. ಪಿನಾಂಗಿನಲ್ಲಿ ಉಳಿದ ರಾಣಿ ಯಾರದಾದರೂ ಷೋಕೇಸಿನಲ್ಲಿ, ಯಾವುದಾದರೂ ಪಿಂಗಾಣಿ ಸೇನಾಪತಿಯ ಎಡಗಡೆ ಕೂತಿದ್ದಾಳೆ ಎಂದು ನಂಬಿದ್ದೇನೆ.

ಮಾರನೆಯ ಬೆಳಿಗ್ಗೆ ಗೊಂಬೆ ಎತ್ತಿಡುವ ಕೆಲಸ. ಅಮ್ಮ ತನ್ನ ಮೆತ್ತನೆಯ ಹಳೇ ಹತ್ತಿ ಸೀರೆಯನ್ನು ನಡುವೆ ಹರಿದು ನಮಗಿಬ್ಬರಿಗೂ ಒಂದೊಂದು ತುಂಡು ಕೊಟ್ಟಳು. ಮಗಳು ರಾಜ, ಹೆಂಡತಿ, ಹನ್ನೆರಡು ಕ್ಲಿಪ್ಪುಗಳನ್ನೆಲ್ಲ ಒಂದೇ ತುಂಡಿನಲ್ಲಿ ಸುತ್ತಿದಳು. ಗಂಟು ಎಷ್ಟು ದಪ್ಪವಾಯಿತೆಂದರೆ ಪೆಟ್ಟಿಗೆಯ ಮುಚ್ಚಳ ಹಾಕಲಾಗಲಿಲ್ಲ. ಅಮ್ಮ ಅದನ್ನು ನೋಡಿ ತಲೆಯಾಡಿಸಿ ಮುಂದೆ ಬಂದಳು.

ನನ್ನ ಮುಂದೆ ನಿಂತಳು. "ಒಂದೇ ಬಟ್ಟೇಲಿ ತಾನೇ?"

"ಒಂದೇ ಬಟ್ಟೇಲಮ್ಮ."

ಅಮ್ಮ ನನ್ನ ಗಂಟು ಬಿಚ್ಚಿ ನೋಡಿದಳು.